ಬಾಯಿಪಾಠವಾದ ಐದು ಪದಗಳು

ಒಂದು ದೇಹಕ್ಕೆ ಎರಡು ನೌಕರಿ ಬೇಡ ಎಂದು ಅವನ ತಾಯಿ ಬಡಕೊಂಡಿದ್ದಳು. ಕೇಳಿದನೇ? ವೈದ್ಯಕೀಯ ಓದಿ ಮುಗಿಸಿದ, ಫುಟ್‌ಬಾಲನ್ನೂ ಬಿಡಲಿಲ್ಲ. ಈಗ ಮೂವತ್ತಮೂರರ ವಯಸ್ಸಿಗೆ ಆಸ್ಪತ್ರೆಯವರು ಅವನನ್ನು ‘ಆಟಗಾರ’ ಎಂದು ಕರೆದು ಮೂಗು ಮುರಿಯುತ್ತಾರೆ, ತಂಡದವರು ‘ಡಾಕ್ಟ್ರೇ’ ಎಂದು ನೋಯುವ ಮಂಡಿ ಚಾಚುತ್ತಾರೆ. ಇವನ ನಿದ್ದೆ ಮಾತ್ರ ಯಾರ ಲೆಕ್ಕಕ್ಕೂ ಇಲ್ಲ.

ತಂಡಕ್ಕೆ ಬೇರೆ ವೈದ್ಯರು ಇಲ್ಲವೆಂದಲ್ಲ. ಆದರೆ ಅವರ ಬಳಿ ಹೋದರೆ ಸುದ್ದಿ ನೇರ ಕೋಚ್ ಕಿವಿಗೆ, ಆಮೇಲೆ ಬೆಂಚೇ ಗತಿ. ಹಾಗಾಗಿ ಯಾರಿಗೆ ಎಲ್ಲಿ ನೋವಾದರೂ ಮೊದಲು ಇವನ ಹತ್ತಿರ, ಅದೂ ಕದ್ದುಮುಚ್ಚಿ, ಬಟ್ಟೆ ಬದಲಿಸುವ ಕೋಣೆಯ ಮೂಲೆಯಲ್ಲಿ.

ಆ ಶನಿವಾರ ಮಧ್ಯಾಹ್ನ ಆ ಮೂಲೆಗೆ ಬಂದವನು ಗೂಳಿ. ತಂಡದವರೆಲ್ಲ ಕರೆಯುವುದೇ ಹಾಗೆ; ಹನ್ನೊಂದು ವರ್ಷದಿಂದ ಡಾಕ್ಟ್ರ ಪಕ್ಕದಲ್ಲೇ ನಿಂತು ಡಿಫೆನ್ಸ್ ಆಡಿದ ಗೆಳೆಯ.

“ಗುರುವಾರ ಪ್ರಾಕ್ಟೀಸಲ್ಲಿ ತಲೆಗೆ ತಲೆ ಬಡೀತಲ್ಲ, ಆವತ್ತಿಂದ ಸ್ವಲ್ಪ ಭಾರ ಅಷ್ಟೆ. ಸರಿ ಇದೀಯ ಅಂತ ಒಂದು ಮಾತು ಹೇಳ್ಬಿಡು ಡಾಕ್ಟ್ರೇ.”

“ವಾಂತಿ ಆಯ್ತಾ?”

“ಛೇ, ಇಲ್ಲಪ್ಪ. ಇವತ್ತು ಸೋತ್ರೆ ತಂಡ ಕೆಳಗಿನ ದರ್ಜೆಗೆ ಹೋಗುತ್ತೆ. ನನ್ನ ಕೂರಿಸ್ಬೇಡ, ಕೈ ಮುಗೀತೀನಿ.”

ಮೂವತ್ತು ಗಂಟೆ ಡ್ಯೂಟಿ ಮುಗಿಸಿ ನೇರ ಮೈದಾನಕ್ಕೆ ಬಂದಿದ್ದ ಡಾಕ್ಟ್ರಿಗೆ ರೆಪ್ಪೆ ಎತ್ತುವುದೇ ಕಷ್ಟವಾಗಿತ್ತು. ಬೆರಳು ಆಡಿಸಿ ಕಣ್ಣು ನೋಡಿದ. ಒಂಟಿಕಾಲಲ್ಲಿ ನಿಲ್ಲಿಸಬೇಕಿತ್ತು, ಬಿಟ್ಟ. ಕೊನೆಗೆ ಐದು ಪದ ಹೇಳಿ, ನಡುವೆ ಬೇರೆ ಮಾತಾಡಿಸಿ, ಮತ್ತೆ ಕೇಳಿದ. ಏಟು ತಿಂದ ತಲೆ ಒಂದೆರಡನ್ನು ಮರೆಯುವುದುಂಟು. ಗೂಳಿ ಐದನ್ನೂ ಪಟಪಟ ಒಪ್ಪಿಸಿದ.

“ಸರಿ, ಆಡು ಹೋಗು.”

ಗೂಳಿ ಹೊರಗೆ ಹೋದದ್ದೇ ತಡ, ಗೋಲ್‌ಕೀಪರ್ ಶೂ ಬಿಗಿಯುತ್ತ ರಾಗ ಎಳೆದ: “ಕಿಟಕಿ, ಉಪ್ಪು, ಕುದುರೆ, ಗಡಿಯಾರ, ಚಪ್ಪಲಿ! ಆರು ವರ್ಷದಿಂದ ಅದೇ ಐದು, ಡಾಕ್ಟ್ರೇ! ನನ್ನ ಮಗಳಿಗೂ ಬಾಯಿಪಾಠ. ಅವಳನ್ನೂ ಆಡ್ಸಿ.”

ಕೋಣೆಯೆಲ್ಲ ಗೊಳ್ಳೆಂದಿತು. ಡಾಕ್ಟ್ರೂ ನಕ್ಕ. ನಗುವಾಗಲೇ ಹೊಳೆಯಿತು: ಗೂಳಿ ಒಪ್ಪಿಸಿದ್ದೂ ಬಾಯಿಪಾಠವೇ. ಎದ್ದು ಹೋಗಬೇಕು, ಗೂಳಿಯನ್ನು ವಾಪಸ್ ಕರೆಯಬೇಕು, ಹೊಸ ಪದ ಹುಡುಕಬೇಕು, ಜಗಳ ಆಡಬೇಕು. ಅಯ್ಯೋ, ಯಾರಿಗೆ ಬೇಕು! ಗೋಡೆಗೊರಗಿ ಕಣ್ಣು ಮುಚ್ಚಿದ. ಡಾಕ್ಟರಂತೆ ಡಾಕ್ಟರು! ಹತ್ತು ನಿಮಿಷ ನಿದ್ದೆ ಹೊಡೆದ.

ಆಟದ ಅರವತ್ತನೇ ನಿಮಿಷಕ್ಕೆ ಗೂಳಿ ಎಗರಿ ಚೆಂಡಿಗೆ ತಲೆ ಕೊಟ್ಟ. ಕೆಳಗಿಳಿದವನು ತೂರಾಡುತ್ತ ಎದುರು ತಂಡದವರ ನಡುವೆ ಹೋಗಿ ನಿಂತುಕೊಂಡ. ಜನ ಸಿಳ್ಳೆ ಹೊಡೆದರು. ಡಾಕ್ಟ್ರು ಮಾತ್ರ ಚೆಂಡು ಬಿಟ್ಟು ಓಡಿದ. ಅವನು ತೋಳು ಚಾಚುವುದಕ್ಕೂ ಗೂಳಿ ಕುಸಿಯುವುದಕ್ಕೂ ಸರಿಹೋಯಿತು.

ಆಂಬುಲೆನ್ಸ್ ಡಾಕ್ಟ್ರ ಆಸ್ಪತ್ರೆಗೇ ಬಂತು. ತಲೆಯೊಳಗೆ ರಕ್ತ ಕಟ್ಟಿತ್ತು. ಗೂಳಿಯನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದರು. ಕೆಸರು ಮೆತ್ತಿದ ಜರ್ಸಿಯಲ್ಲೇ ಡಾಕ್ಟ್ರು ಹೊರಗಿನ ಬೆಂಚಿನ ಮೇಲೆ ಕೂತ. ಪಕ್ಕದಲ್ಲಿ ಗೂಳಿಯ ಹೆಂಡತಿ, ಇವನು ಅತ್ತಿಗೆ ಎಂದೇ ಕರೆಯುವವಳು. ಅವಳು ಇವನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

“ನೀವು ಓಡಿಹೋಗಿ ಹಿಡ್ಕೊಂಡ್ರಂತೆ. ನೀವಿಲ್ದೇ ಇದ್ದಿದ್ರೆ ಏನ್ ಗತಿ ಆಗ್ತಿತ್ತು? ನಿಮ್ಮ ಋಣ ಹೇಗೆ ತೀರಿಸ್ಲಿ?”

ಅವನು ತಲೆ ತಗ್ಗಿಸಿದ. ಅಷ್ಟರಲ್ಲಿ ಡ್ಯೂಟಿಯ ಕಿರಿಯ ವೈದ್ಯೆ ಫಾರಂ ಹಿಡಿದು ಬಂದಳು.

“ಸರ್, ಗುರುವಾರವೂ ತಲೆಗೆ ಏಟಾಗಿತ್ತಂತೆ. ಆಟಕ್ಕೆ ಮುಂಚೆ ಯಾರಾದ್ರೂ ಪರೀಕ್ಷೆ ಮಾಡಿದ್ರಾ? ಇಲ್ಲ ಅಂತ ಬರ್ಕೊಳ್ಲಾ?”

ಇಲ್ಲ ಅಂದರೆ ಮುಗಿಯಿತು. ಮೂಲೆಯ ಮಾತು ಮೂಲೆಯಲ್ಲೇ ಉಳಿಯುತ್ತದೆ, ತಂಡದಲ್ಲಿ ಯಾರೂ ತುಟಿ ಬಿಚ್ಚುವುದಿಲ್ಲ.

“ನಾನು ಮಾಡಿದ್ದೆ,” ಎಂದ. “ಅರ್ಧಂಬರ್ಧ ಮಾಡಿದ್ದೆ. ಆಡು ಹೋಗು ಅಂದಿದ್ದೂ ನಾನೇ. ಹಾಗೇ ಬರ್ಕೊಳ್ಳಮ್ಮ.”

ಕಿರಿಯ ವೈದ್ಯೆ ಬರೆದುಕೊಂಡು ಹೋದಳು. ಅತ್ತಿಗೆಯ ಕೈ ಮೆಲ್ಲಗೆ ಇವನ ಕೈಯಿಂದ ಬಿಡಿಸಿಕೊಂಡಿತು.

“ಯಾಕೆ ಅರ್ಧಂಬರ್ಧ?”

“ಸುಸ್ತಾಗಿತ್ತು ಅತ್ತಿಗೆ.”

“ಹಾಗಾದ್ರೆ ಮನೆಗೆ ಹೋಗಿ ಮಲಕ್ಕೊಳ್ಳಿ,” ಎಂದಳು ಅವಳು. “ಇಲ್ಲಿ ನಾನಿರ್ತೀನಿ.”