ಸುಭದ್ರಾಬಾಯಿ ಹೊಗಳಿದ ಸಾರು

ಲಿಂಗಸುಗೂರಿನ ಕಡೆಯಿಂದ ಜೋಳದ ಬಂಡಿ ಹೊಡೆದುಕೊಂಡು ಹೈದರಾಬಾದಿಗೆ ಬಂದ ಸೂಗಪ್ಪ, ಜೋಳ ಮಾರಿದ ಮೇಲೆ ಎತ್ತುಗಳನ್ನೂ ಮಾರಿ, ಬಂಡಿಯ ಹಲಗೆ ಬಿಚ್ಚಿ ಬಾಗಿಲು ಮಾಡಿಸಿಕೊಂಡು ಇಲ್ಲೇ ನೆಲೆ ನಿಂತವನು. ಅವನ ಸೊಸೆ ಸುಗಲಮ್ಮ ಅಬಿಡ್ಸಿನ ಹಿಂದಿನ ಗಲ್ಲಿಯಲ್ಲಿ ಖಾನಾವಳಿ ಹೂಡಿ, ನಿಜಾಮರ ಕಚೇರಿಗಳಲ್ಲಿ ದುಡಿಯುತ್ತಿದ್ದ ಕನ್ನಡದ ಗುಮಾಸ್ತರಿಗೆ ವರ್ಷಾನುಗಟ್ಟಲೆ ರೊಟ್ಟಿ ಬಡಿದು ಹಾಕಿದಳು. ರಜಾಕಾರರ ಹಾವಳಿಗೆ ಊರೆಲ್ಲ ಅಗಳಿ ಹಾಕಿಕೊಂಡು ಕೂತಿದ್ದ ಆ ಕೆಟ್ಟ ತಿಂಗಳುಗಳಲ್ಲಿಯೂ ಒಲೆ ಆರಿಸದೆ, ಕದ ತಟ್ಟಿದವನ ಹೆಸರು ಕೇಳದೆ ಬಡಿಸಿದಳು. ಸುಗಲಮ್ಮನ ಮಗ ಲಿಂಗಣ್ಣ ಖಾನಾವಳಿ ಮುಚ್ಚಿ ರಕ್ಷಣಾ ಕಾರ್ಖಾನೆಯ ಕ್ಯಾಂಟೀನು ಸೇರಿದ. ಒಂದು ದಿನ, ಎಂಟುನೂರು ಜನ ತಟ್ಟೆ ಹಿಡಿದು ಸಾಲು ನಿಂತಿರುವಾಗಲೇ, ತಳ ಹಿಡಿದ ಬೇಳೆಯನ್ನು ದೊಡ್ಡ ಸಾಹೇಬರ ಕಣ್ಣೆದುರಿಗೆ ಮೋರಿಗೆ ಸುರಿದು, ಎಲ್ಲರನ್ನೂ ಒಂದು ತಾಸು ಕಾಯಿಸಿ, ಹೊಸದಾಗಿ ಬೇಯಿಸಿ ಬಡಿಸಿದ. ಆ ಲಿಂಗಣ್ಣನ ಒಬ್ಬಳೇ ಮಗಳು ಸುಭದ್ರಾಬಾಯಿ.

ಮೊದಲ ನಾಲ್ಕು ತುತ್ತನ್ನು ಕಣ್ಣು ಮುಚ್ಚಿಯೇ ತಿನ್ನುವುದು ಈಕೆಯ ಪದ್ಧತಿ. ತಲೆಯನ್ನು ಎಡಕ್ಕೆ ವಾಲಿಸಿ, ಬಲಗೈಯನ್ನು ತಟ್ಟೆಯ ಅಂಚಿಗೆ ಆನಿಸಿ, ನಾಲ್ಕು ಮನೆ ಆಚೆ ಅಳುವ ಕೂಸಿನ ದನಿಗೆ ಕಿವಿಗೊಟ್ಟವಳಂತೆ ಕೂತುಬಿಡುವಳು. ಮೈಗೆ ಹುಷಾರಿಲ್ಲವೆಂದು ತಿಳಿದು ಹೋಟೆಲಿನವರು ನೀರು ತಂದಿಟ್ಟದ್ದುಂಟು. ಒಬ್ಬ ನೇಪಾಳಿ ಮಾಲೀಕ ಫ್ಯಾನನ್ನೇ ಎತ್ತಿಕೊಂಡು ಬಂದು ಮುಂದೆ ತಿರುಗಿಸಿದ್ದೂ ಉಂಟು. ಇಳಕಲ್ ಸೀರೆಯ ಮೇಲೆ ತೀರಿಹೋದ ಗಂಡನ ಬೂದು ಬಣ್ಣದ ಕೋಟು, ಬೇಸಿಗೆಯಾಗಲಿ ಚಳಿಯಾಗಲಿ. ಅದರ ಬಲಜೇಬಿನಲ್ಲಿ ಒಂದು ಸ್ಟೀಲಿನ ಚಮಚ, ಎಡಜೇಬಿನಲ್ಲಿ ಲವಂಗದ ಡಬ್ಬಿ. ಅಬಿಡ್ಸಿನ ದೊಡ್ಡ ಅಂಚೆ ಕಚೇರಿಯಲ್ಲಿ ಮೂವತ್ತಾರು ವರ್ಷ ಟಪಾಲು ವಿಂಗಡಿಸುತ್ತ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದರಿಂದ ನಡಿಗೆ ಒಂದು ಬದಿಗೆ ಜಗ್ಗಿಕೊಂಡಿತ್ತು. ಮುಖ್ಯವಾದ ಮಾತು ಬಂದಾಗಲೆಲ್ಲ "ಅದು ಬಿಡ್ರಿ" ಎಂದು ಶುರು ಮಾಡುವಳು. ಬಿಡುವವಳಲ್ಲವೆಂದು ಕೇಳುವವರಿಗೆ ಗೊತ್ತಿರುತ್ತಿತ್ತು.

ಹೈದರಾಬಾದಿನ ಕನ್ನಡದ ಮನೆಗಳಿಗೆ ತಿಂಗಳಿಗೊಮ್ಮೆ ತಲುಪುವ ಹದಿನಾರು ಪುಟದ ಪತ್ರಿಕೆಯೊಂದಿದೆ. ನಿವೃತ್ತಿಯಾದ ವರ್ಷದಿಂದ ಅದರ ಹದಿಮೂರನೆಯ ಪುಟ ಸುಭದ್ರಾಬಾಯಿಯದು. ಊರಿನಲ್ಲಿ ಕಡಿಮೆ ಬೆಲೆಗೆ ದೂರದೇಶದ ಶಾಕಾಹಾರದ ಊಟ ಎಲ್ಲಿ ಸಿಗುತ್ತದೆ, ಯಾವ ಮಾರುಕಟ್ಟೆಯಲ್ಲಿ ಯಾವ ಅಪರೂಪದ ಸೊಪ್ಪು ಬಂದಿದೆ ಎಂಬುದನ್ನು ಆಕೆ ಬರೆಯುವಳು. ನೂರೈವತ್ತು ರೂಪಾಯಿಯೊಳಗೆ ಒಬ್ಬರ ಹೊಟ್ಟೆ ತುಂಬದ ಜಾಗ ಅವಳ ಪುಟಕ್ಕೆ ಸಲ್ಲದು. ಒಂದು ಜಾಗಕ್ಕೆ ಮೂರು ಸಲ ಹೋಗದೆ ಅಕ್ಷರ ಮೂಡಿಸುವವಳಲ್ಲ: ಮೊದಲ ಸಲ ಒಬ್ಬಳೇ, ಎರಡನೆಯ ಸಲ ಜನ ಮುಕುರಿದ ಹೊತ್ತಿನಲ್ಲಿ, ಮೂರನೆಯ ಸಲ ಬಾಯಿರುಚಿಯಲ್ಲಿ ತನಗೆ ತದ್ವಿರುದ್ಧವಾದ ಯಾರನ್ನಾದರೂ ಕಟ್ಟಿಕೊಂಡು. ಚಳಿಗಾಲದಲ್ಲಿ ಸ್ವೆಟರ್ ಮಾರಲು ಬರುವ ಟಿಬೆಟಿನವರು ಗುಡಾರದ ಹಿಂದೆ ಹಬೆಯಲ್ಲಿ ಬೇಯಿಸಿಕೊಳ್ಳುವ ಬಿಳಿ ರೊಟ್ಟಿಯನ್ನು ಕನ್ನಡದವರಿಗೆ ತೋರಿಸಿದವಳು ಇವಳು. ಸಿಕಂದರಾಬಾದಿನ ಮೊಂಡಾ ಮಾರ್ಕೆಟ್ಟಿನಲ್ಲಿ ನಿಂಬೆ ಪರಿಮಳದ ಮಜ್ಜಿಗೆ ಹುಲ್ಲು ಯಾವ ಮುದುಕಿಯ ಬುಟ್ಟಿಯಲ್ಲಿ ತಾಜಾ ಇರುತ್ತದೆ ಎಂಬುದನ್ನೂ, ಬಾರ್ಕಸ್ಸಿನ ಅರಬರ ಗಲ್ಲಿಯಲ್ಲಿ ಖರ್ಜೂರ ಕೊಳ್ಳುವಾಗ ಏನನ್ನು ಮೂಸಿ ನೋಡಬೇಕು ಎಂಬುದನ್ನೂ ಆ ಪುಟ ಓದಿಯೇ ಜನ ತಿಳಿದರು.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅವಳ ಸೀಮೆ ಇನ್ನೂ ಹಿಗ್ಗಿತು. ಮಿಯಾಪುರದಲ್ಲಿ ಮಗಳು ನಲಿನಿಯ ಮನೆಯಿಂದ ಬೆಳಗ್ಗೆ ಹತ್ತಕ್ಕೆ ಹೊರಟು, ಆಧಾರ್ ಕಾರ್ಡು ತೋರಿಸಿ ಜೀರೋ ಟಿಕೆಟ್ ಪಡೆದು, ಎರಡು ಬಸ್ಸು ಬದಲಿಸಿ, ಮೇಲ್ಸೇತುವೆಗಳ ಕೆಳಗಿನ ಧೂಳು ಕುಡಿದು, ಸಂಜೆ ನಾಲ್ಕಕ್ಕೆ ಬಾವು ಬಂದ ಮೊಣಕಾಲು ಹೊತ್ತುಕೊಂಡು ವಾಪಸು ಬರುವಳು. ಊರು ಬೆಳೆದಷ್ಟೂ ಅವಳ ಕಾಲು ಸವೆಯಿತು. ಇತ್ತೀಚೆಗೆ ಹೊಸ ಜಾಗ ಕಂಡರೆ ಹಿಗ್ಗಿಗಿಂತ ಮೊದಲು ಆಯಾಸವೇ ಬರುತ್ತಿತ್ತು. ಇನ್ನೂ ಎರಡು ಸಲ ಬರಬೇಕಲ್ಲ ಎಂದು.

ಅಂಥ ದಣಿವಿನ ದಿನದಲ್ಲೇ ಮಣಿಕೊಂಡದ ಒಂದು ಸಂದಿಯಲ್ಲಿ ಕಿಮಿಯ ಅಂಗಡಿ ಸಿಕ್ಕಿದ್ದು. ನಾಲ್ಕೇ ಮೇಜು. ಕಿಮಿ ಮಿಜೋರಾಮಿನವಳು, ಬರ್ಮಾದ ಗಡಿಯ ಹಳ್ಳಿಯವಳು. ಅವಳು ಕೊಟ್ಟ ಸಾರಿನಲ್ಲಿ ಅಕ್ಕಿಯ ಶಾವಿಗೆ, ಹುರಿದ ಬೆಳ್ಳುಳ್ಳಿ, ಶೇಂಗಾ ಪುಡಿ, ಹೆಸರು ಗೊತ್ತಿಲ್ಲದ ಎರಡು ಸೊಪ್ಪು. ಸುಭದ್ರಾಬಾಯಿ ಅಂದು ನಾಲ್ಕಲ್ಲ, ಹತ್ತು ಚಮಚದವರೆಗೆ ಕಣ್ಣು ತೆರೆಯಲಿಲ್ಲ. ಮೂರೂ ಸಲ ಹೋದಳು. ಮೂರೂ ಸಲ ವೆಜ್ ಹೌದೇನೆಂದು ಕೇಳಿದಳು, ಮೊಟ್ಟೆ ಇಲ್ಲವಲ್ಲ ಎಂದು ಕೇಳಿದಳು. ಕಿಮಿ ಮೂರೂ ಸಲ ನಕ್ಕು, ಮಾಂಸವಿಲ್ಲ, ಮೊಟ್ಟೆಯಿಲ್ಲ ಎಂದಳು. ಆ ತಿಂಗಳ ಪುಟದಲ್ಲಿ, ಈ ಸಾರಿಗೆ ಒಂದು ಆಳವಿದೆ, ಅದು ಯಾವ ಬೇಳೆಯಿಂದ ಬಂತೋ ತನಗೆ ತಿಳಿಯಲಿಲ್ಲ, ನಿಶ್ಚಿಂತೆಯಿಂದ ಹೋಗಿ ಉಣ್ಣಿರಿ ಎಂದು ಬರೆದಳು.

ಜನ ಹೋದರು. ಅವಳಿಗೆ ತಿಳಿದಂತೆಯೇ ಹನ್ನೊಂದು ಮನೆಯವರು ಹೋದರು, ಹೋದವರು ಮತ್ತೆ ಹೋದರು. ಕಿಮಿ ಇನ್ನೆರಡು ಮೇಜು ಹಾಕಿಸಿದಳು. ಪತ್ರಿಕೆ ನಡೆಸುವ ತಿಪ್ಪೇಸ್ವಾಮಿ ಚಿತ್ರದುರ್ಗದ ಕಡೆಯವರು, ರಕ್ಷಣಾ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ಎಂಬತ್ತನಾಲ್ಕರ ತಾಯಿ ದಿನಾ ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದವರು, ಕೇಕು ಕತ್ತರಿಸಿದ ಚಾಕು ತಾಗಿದ ಸೇಬನ್ನೂ ಮುಟ್ಟದವರು. ಆ ಅಜ್ಜಿಯೂ ಹೋಗಿ ಎರಡು ಬಟ್ಟಲು ಕುಡಿದು ಬಂದರು. ಮುಂದೆ ಜ್ವರ ಬಂದು ಬಾಯಿ ಕೆಟ್ಟು ಮಲಗಿದಾಗ ಅವರಿಗೆ ಆ ಸಾರಿನದೇ ಹಂಬಲವಾಯಿತು. ಮಾಡುವ ವಿಧಾನ ಕೇಳಿಕೊಂಡು ಬಂದರೆ ಸೊಸೆ ಮನೆಯಲ್ಲೇ ಮಾಡಿಕೊಡುತ್ತಾಳೆ ಎಂದು ತಿಪ್ಪೇಸ್ವಾಮಿ ಫೋನು ಮಾಡಿದರು.

ಹಾಗೆ ಸುಭದ್ರಾಬಾಯಿ ನಾಲ್ಕನೆಯ ಸಲ ಹೋದಳು. ಕಿಮಿಗೆ ಹಿಗ್ಗೋ ಹಿಗ್ಗು. ಕೈಹಿಡಿದು ಒಳಗೆ ಕರೆದೊಯ್ದು ಒಲೆಯ ಪಕ್ಕ ಕೂರಿಸಿದಳು. ಸೊಪ್ಪು ತೋರಿಸಿದಳು, ಶೇಂಗಾ ತೋರಿಸಿದಳು, ಆಮೇಲೆ ಗಾಜಿನ ಭರಣಿ ತೆರೆದು ಎರಡು ಚಮಚ ತಿಳಿಗೆಂಪು ಪುಡಿ ತೆಗೆದು ಕುದಿಯುವ ನೀರಿಗೆ ಹಾಕಿದಳು. ಅದೇನೆಂದು ಸುಭದ್ರಾಬಾಯಿ ಕೇಳಿದಳು. ಒಣಗಿಸಿದ ಝಿಂಗಾ ಎಂದಳು ಕಿಮಿ, ಸೀಗಡಿ. ಹೇಳುವಾಗ ಅವಳ ಮುಖದಲ್ಲಿ ಕಳ್ಳತನದ ಲವಲೇಶವೂ ಇರಲಿಲ್ಲ. ಎದುರಿಗಿದ್ದವಳ ಬಣ್ಣ ಇಳಿದದ್ದು ಕಂಡು ಅವಳ ಕೈ ನಿಂತಿತು.

"ಮಾ, ಯೇ ತೋ ನಮಕ್ ಜೈಸಾ ಹೈ," ಎಂದಳು ಮೆಲ್ಲಗೆ. ಅವಳೂರಿನಲ್ಲಿ ಅದು ಉಪ್ಪಿನ ಹಾಗೆ. ಉಪ್ಪು ಹಾಕಿದ್ದೀಯಾ ಎಂದು ಯಾರು ಯಾರನ್ನು ಕೇಳುತ್ತಾರೆ?

ಜೋಳದ ಸೀಮೆಯ ಶಾಕಾಹಾರಿಗಳು ಹೊರಗೆ ಉಣ್ಣುವಾಗ ಮೊಟ್ಟೆಯನ್ನು ಅನುಮಾನಿಸುತ್ತಾರೆ, ಎಣ್ಣೆಯನ್ನು ಅನುಮಾನಿಸುತ್ತಾರೆ, ಹುರಿದ ಬಾಣಲೆಯನ್ನೂ ಅನುಮಾನಿಸುತ್ತಾರೆ. ತರಕಾರಿಯ ಸಾರಿನೊಳಗೆ ಕಡಲು ಕರಗಿರಬಹುದೆಂಬ ಗುಮಾನಿ ಅವರ ಏಳು ತಲೆಮಾರಿಗೆ ಬಂದಿರಲಿಕ್ಕಿಲ್ಲ. ಕಡಲೆಂಬುದು ಅವರ ನೆಲದಿಂದ ಅಷ್ಟು ದೂರ. ಆದರೆ ಸುಭದ್ರಾಬಾಯಿ ಈ ಸಮಾಧಾನವನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಹೊಸ ಗಿರಾಕಿ ಖಾನಾವಳಿಯಲ್ಲಿ ಬಂದು ಕೂತರೆ ಅವಳಜ್ಜಿ ಸುಗಲಮ್ಮ ಬಡಿಸುವ ಮೊದಲು ಪಲ್ಯಕ್ಕೆ ಬಿದ್ದದ್ದನ್ನೆಲ್ಲ ಒಂದೊಂದಾಗಿ ಬಾಯಿಬಿಟ್ಟು ಹೇಳುತ್ತಿದ್ದಳಂತೆ. ಯಾರ ಮನೆಯಲ್ಲಿ ಯಾವುದು ನಿಷಿದ್ಧವೋ ತನಗೇನು ಗೊತ್ತು, ಹೇಳುವುದು ತನ್ನ ಕೆಲಸ ಎಂದು. ಅಂಥವಳ ಮೊಮ್ಮಗಳು ಮೂರು ಸಲ ಉಂಡು ಎರಡೇ ಪ್ರಶ್ನೆ ಕೇಳಿ ಎದ್ದುಬಂದಿದ್ದಳು. ಏನೇನು ಹಾಕಿದ್ದೀಯವ್ವಾ ಎಂಬ ಒಂದು ಮಾತು ಕೇಳಿದ್ದರೆ ಮೊದಲ ದಿನವೇ ಆ ಭರಣಿ ಹೊರಗೆ ಬರುತ್ತಿತ್ತು. ಆರು ವರ್ಷ ಬರೆದದ್ದರಲ್ಲಿ ಇನ್ನೆಷ್ಟು ಕಡೆ ಹೀಗೆ ಆಗಿದೆಯೋ ಎಂದು ಯೋಚಿಸುತ್ತ, ಬಸ್ಸಿನಲ್ಲಿ ತನ್ನ ನಿಲುಗಡೆ ದಾಟಿ ಎರಡು ನಿಲುಗಡೆ ಮುಂದೆ ಹೋಗಿಬಿಟ್ಟಳು.

ಇನ್ನು ಮೇಲೆ ಕೇಳಿದವರಿಗೆ ಬೇರೆ ಪಾತ್ರೆಯಲ್ಲಿ, ಆ ಪುಡಿ ಬಿಟ್ಟು ಮಾಡುತ್ತೇನೆಂದು ಕಿಮಿ ಅಂದೇ ಒಪ್ಪಿದ್ದಳು. ಮುಂದಿನದು ಅಲ್ಲಿಗೆ ನೇರ್ಪಾಯಿತು. ಕುಡಿದಾಗಿದ್ದ ಸಾರು ಮಾತ್ರ ಹನ್ನೊಂದು ಮನೆಗಳವರ ಹೊಟ್ಟೆಯಲ್ಲಿತ್ತು, ಮತ್ತು ಕಿಮಿಯನ್ನು ಬಿಟ್ಟರೆ ಅದು ಗೊತ್ತಿದ್ದದ್ದು ಸುಭದ್ರಾಬಾಯಿ ಒಬ್ಬಳಿಗೇ.

ಅವಳು ಹೋಗಿ ಹೇಳಿದ್ದನ್ನು ಕೇಳಿ ತಿಪ್ಪೇಸ್ವಾಮಿ ಕನ್ನಡಕ ಒರೆಸಿದರು. ಕೆಟ್ಟ ಮನುಷ್ಯರಲ್ಲ. ಅಜ್ಜಿಗೆ ಜ್ವರ, ಜನಕ್ಕೆ ಸುಮ್ಮನೆ ಸಂಕಟ, ಆ ಹುಡುಗಿಯ ಅಂಗಡಿಯೂ ಹಾಳು ಎಂಬುದು ಅವರ ಚಿಂತೆ.

"ಬಿಡ್ರಿ ಅಕ್ಕೋರೆ, ಯಾರಿಗೆ ಗೊತ್ತಾಗುತ್ತೆ? ಆ ಅಂಗಡೀಲಿ ಈಗ ಶುದ್ಧ ಸಸ್ಯಾಹಾರಕ್ಕೆ ಬೇರೆ ಪಾತ್ರೆ ಇಟ್ಟಿದ್ದಾರೆ ಅಂತ ಎರಡು ಸಾಲು ನಾನೇ ಬರೆದು ಹಾಕ್ತೀನಿ. ಸುಳ್ಳೂ ಅಲ್ಲ."

"ಅದು ಬಿಡ್ರಿ," ಎಂದಳು ಸುಭದ್ರಾಬಾಯಿ. "ಸುಳ್ಳಲ್ಲ, ಖರೆ. ಆದ್ರ ಅದನ್ನ ಓದಿದಾವ್ರು ಹಿಂದ ಏನ್ ಕುಡದ್ವಿ ಅಂತ ಕೇಳಂಗಿಲ್ಲ. ಕೇಳಬಾರ್ದು ಅಂತ್ಲೇ ನೀವು ಬರಿಯಾಕತ್ತೀರಿ."

ಅಲ್ಲೇ ಕೂತು ನಾಲ್ಕು ಸಾಲು ಬರೆದುಕೊಟ್ಟಳು: ಸಾರಿನಲ್ಲಿ ಸೀಗಡಿ ಇತ್ತು; ಅಡುಗೆಯವಳು ಮುಚ್ಚಿಟ್ಟಿಲ್ಲ; ಕೇಳಬೇಕಾದ್ದನ್ನು ನಾನು ಕೇಳಲಿಲ್ಲ; ತಪ್ಪು ನನ್ನದು. ಪತ್ರಿಕೆ ಅಚ್ಚಾಗಿ ಬರಲು ಇನ್ನೂ ಹನ್ನೆರಡು ದಿನವಿತ್ತು. ಅಷ್ಟರೊಳಗೆ ಆ ಮನೆಗಳವರು ಕಾಗದದಿಂದ ತಿಳಿಯಬಾರದು, ತನ್ನ ಬಾಯಿಂದಲೇ ತಿಳಿಯಬೇಕು ಎಂದು ಹಟ ಹಿಡಿದಳು. ಮೊದಲಿನದು ತಿಪ್ಪೇಸ್ವಾಮಿಯವರ ಮನೆಯೇ. ಒಳಕೋಣೆಯಲ್ಲಿ ಅಜ್ಜಿ ಮಲಗಿದ್ದರು.

ಅಜ್ಜಿ ಕಣ್ಣು ಮುಚ್ಚಿಕೊಂಡೇ ಕೇಳಿದರು. ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. "ಅದುಕ್ಕೇ ಅಷ್ಟು ರುಚಿಯಾಗಿತ್ತೇನೋ," ಎಂದರು. ಸೊಸೆ ತಡೆಯಲಾರದೆ ನಕ್ಕುಬಿಟ್ಟಳು. ಅಜ್ಜಿ ನಗಲಿಲ್ಲ. ಕಣ್ಣು ತೆರೆದು ಸುಭದ್ರಾಬಾಯಿಯ ಕಡೆ ತಿರುಗಿದರು.

"ಬಂದು ಹೇಳಿದೆ, ಒಳ್ಳೇದಾಯ್ತು ತಾಯಿ. ನಮ್ಮನೇಲಿ ಕಾಫಿ ಕುಡಿ, ಬೇಡ ಅನ್ನಲ್ಲ. ನಿನ್ನ ಮಾತು ನಂಬಿ ಇನ್ನು ನಾನು ಉಣ್ಣಲ್ಲ."

ಸುಭದ್ರಾಬಾಯಿ ಕಾಫಿ ಕುಡಿದಳು. ಲೋಟ ತಾನೇ ತೊಳೆದಿಟ್ಟು ಹೊರಟಳು.

ಎರಡನೆಯ ಮನೆಯಲ್ಲಿ ಹೆಂಡತಿ ಅತ್ತಳು, ಗಂಡ ತಾನು ಕಾಲೇಜಿನಲ್ಲಿ ಏನೇನು ತಿಂದಿದ್ದೆನೆಂದು ಅಲ್ಲೇ ಒಪ್ಪಿಕೊಂಡು ಹೊಸ ಜಗಳ ತಂದುಕೊಂಡ. ಮೂರನೆಯ ಮನೆಯವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು. ನಾಲ್ಕನೆಯ ಮನೆಯ ಯಜಮಾನ, ಹದಿಮೂರನೆಯ ಪುಟಕ್ಕೆ ಮೀನು ಮಾರುವವಳು ಯಾವಾಗ ಬಂದಳು ಎಂದು ಕೇಳಿದ. ಪ್ರತಿ ಮನೆಯಲ್ಲೂ ಅವಳು ಮರೆಯದೆ ಹೇಳಿದ ಮಾತೊಂದೇ: ಆ ಹುಡುಗಿಯ ಮೇಲೆ ಸಿಟ್ಟು ಬೇಡ, ಆಕೆ ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಾಳೆ. ಆದರೂ ಆ ವಾರವೇ ಕಿಮಿಯ ಎರಡು ಹೊಸ ಮೇಜು ಖಾಲಿ ಬಿದ್ದವು. ಸುಭದ್ರಾಬಾಯಿ ಅಲ್ಲಿಗೂ ಹೋಗಿ, ಬೇರೆ ಪಾತ್ರೆಯ ಸಾರು ಬಡಿಸಿಕೊಂಡು ಉಂಡಳು. ಮೊದಲಿನ ಆಳ ಇರಲಿಲ್ಲ. ಬಟ್ಟಲು ಬರಿದು ಮಾಡಿಯೇ ಎದ್ದಳು.

ಊರಿನಲ್ಲಿ ರುಚಿ ಹೇಳುವವರಿಗೆ ಈಗ ಬರವಿಲ್ಲ. ಫೋನು ತೆರೆದರೆ ಸಾವಿರ ಜನ ನಕ್ಷತ್ರ ಹಚ್ಚುತ್ತಾರೆ, ತಪ್ಪಾದರೆ ಅಳಿಸುತ್ತಾರೆ, ಅಳಿಸಿದ್ದು ಯಾರಿಗೂ ಕಾಣುವುದಿಲ್ಲ. ಸುಭದ್ರಾಬಾಯಿಯಂಥವರ ಬಗೆಯೇ ಬೇರೆ. ಇನ್ನೊಬ್ಬರ ಬಾಯಿಗೆ ಬೀಳುವ ತುತ್ತಿಗೆ ತಾವು ಜಾಮೀನು ನಿಂತಿದ್ದೇವೆಂದು ಯಾರೂ ಹೇಳದೆಯೇ ತಿಳಿದುಕೊಂಡವರು. ಜಾಮೀನು ಮುರಿದಾಗ ಅದನ್ನು ಹೊತ್ತು ಮನೆಮನೆಗೆ ಹೋಗುವವರು. ಇವರಿಂದ ಜಗತ್ತಿಗೆ ದೊಡ್ಡ ಉಪಕಾರವೇನೂ ಆಗುವುದಿಲ್ಲ. ಮನೆಯವರಿಗಂತೂ ಇವರು ಕಿರಿಕಿರಿಯೇ. ಆದರೆ ಗುರುತಿಲ್ಲದ ಕೈಯ ಅಡುಗೆಯನ್ನು ನಾವು ಧೈರ್ಯವಾಗಿ ಬಾಯಿಗಿಡುತ್ತಿದ್ದರೆ, ಅದು ಇಂಥವರು ನಮ್ಮ ನಡುವೆ ಎಲ್ಲೋ ಕಣ್ಣು ಮುಚ್ಚಿ ಕೂತು ಮೊದಲ ತುತ್ತು ತಿಂದಿದ್ದಾರೆಂಬ ನಂಬಿಕೆಯಿಂದ.

ಐದನೆಯ ದಿನ ಬೆಳಗ್ಗೆ ಮೊಣಕಾಲು ಚಪ್ಪಲಿಗೆ ಬಗ್ಗಲಿಲ್ಲ. ಇನ್ನೂ ಏಳು ಮನೆ ಉಳಿದಿದ್ದವು. ನಲಿನಿ ರಜೆ ಹಾಕಿ ಕಾರಿನ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಂದೇ ದಿನದಲ್ಲಿ ಏಳೂ ಮನೆ ಮುಗಿಸೋಣ, ನೀನು ಕಾರಿನಲ್ಲೇ ಕೂತಿರು, ಬೇಕಾದರೆ ನಾನೇ ಒಳಗೆ ಹೋಗಿ ಹೇಳಿ ಬರುತ್ತೇನೆ ಎಂದಳು. ಸುಭದ್ರಾಬಾಯಿ ಗೋಡೆ ಹಿಡಿದು ಕೋಟಿನೊಳಗೆ ಒಂದು ತೋಳು ತೂರಿಸಿದಳು, ಸ್ವಲ್ಪ ನಿಂತು ಉಸಿರು ತಗೊಂಡು ಇನ್ನೊಂದು ತೋಳು ತೂರಿಸಿದಳು.

"ಬ್ಯಾಡವ್ವ ನಲಿನಿ, ನೀ ಕೆಲಸಕ್ಕ ಹೋಗು. ನಿನ್ನ ಮಾರಿ ನೋಡಿದ್ರ ಅವ್ರು ಇರ್ಲಿ ಬಿಡ್ರಿ ಅಂದು ಚಾ ಕೊಟ್ಟು ಕಳಸ್ತಾರ. ನಾ ಒಬ್ಬಾಕಿನ ಹೋದ್ರ ಅನ್ನೂದೆಲ್ಲಾ ಅಂತಾರ. ಅನ್ನಿಸ್ಕೊಂಡ್ ಬರ್ತೀನಿ."