ಅಗ್ಗದ ಮಾತ್ರೆ

ನಡುರಾತ್ರಿ ಅತ್ತೆಯ ಬಳೆ ನೀರಿನ ಲೋಟಕ್ಕೆ ಟಿಣ್ ಟಿಣ್ ಎಂದು ತಾಗುತ್ತಿದ್ದುದು ಶೋಭಿತಾಳಿಗೆ ಕೇಳಿಸಿತ್ತು. ಬಾಯಾರಿಕೆಯಿರಬೇಕೆಂದು ಮಗ್ಗುಲಾದಳು. ಬೆಳಿಗ್ಗೆ ನೋಡಿದರೆ ಬೆಟ್ಟಮ್ಮನ ರವಿಕೆ, ದಿಂಬು ಎಲ್ಲ ಬೆವರಿನಲ್ಲಿ ತೊಯ್ದಿದ್ದವು. ಮೈ ತಣ್ಣಗಾಗಿತ್ತು.

ಹತ್ತು ಗಂಟೆಗೆ ಅರಕಲಗೂಡಿನಿಂದ ತವರಿನ ಸೀರೆ ಹಿಡಿದು ಬಂದ ಬೆಟ್ಟಮ್ಮನ ತಮ್ಮ ನಂಜಯ್ಯ, ಅಕ್ಕನ ಕಾಲ ಬಳಿ ಕೂತು ಅತ್ತ. ಆಮೇಲೆ ಸೋದರಳಿಯನ ಕಡೆ ತಿರುಗಿದ.

“ಚೆನ್ನಾಗಿದ್ದೋಳು ಅಂಗೆ ಓಗ್ಬುಡ್ತಾಳೇನ್ಲಾ ಅರುಣ? ಸರ್ಕಾರ ಕಾನೂನು ಮಾಡಿ ಮಾತ್ರೆ ರೇಟು ಇಳಿಸಿದ್ರೆ ಕಂಪ್ನಿಯೋನು ಸುಮ್ನೆ ಕುಂತಿರ್ತಾನಾ? ಮದ್ದು ಕಮ್ಮಿ ಮಾಡಿ ಸುಣ್ಣ ತುಂಬ್ತಾನೆ. ಅದ್ನ ತಂದು ನಮ್ಮಕ್ಕನ ಬಾಯ್ಗಾಕವ್ಳೆ ನಿನ್ನ ಓದಿದ ಎಂಡ್ತಿ!”

“ಡಾಕ್ಟ್ರೇ ಊಂ ಅಂದವ್ರೆ ಕಣ್ಮಾವ.”

“ಆ ಡಾಕ್ಟ್ರು ಅದನ್ನ ನುಂಗ್ತಾನೇನ್ಲಾ? ಬಾಯ್ಗೆ ಹಾಲು ಬುಡಕ್ಕೆ ಅವ್ಳು ಬರ್ಕೂಡ್ದು, ಅಷ್ಟೇಯ.”

ಜಗಲಿಯಲ್ಲಿದ್ದವರು ಹೌದೆಂದು ತಲೆದೂಗಿದರು.

*

ಸಕ್ಕರೆ ಕಾಯಿಲೆಯ ಮಾತ್ರೆ ದುಬಾರಿಯೆಂದು ಬೆಟ್ಟಮ್ಮ ಒಂದು ದಿನ ಬಿಟ್ಟು ಒಂದು ದಿನ ನುಂಗುತ್ತಿದ್ದ ಕಾಲವೂ ಇತ್ತು. ಕಾಲಿನ ಹುಣ್ಣು ಆರುತ್ತಲೇ ಇರಲಿಲ್ಲ. ಚನ್ನರಾಯಪಟ್ಟಣದಲ್ಲಿ ಅದೇ ಮದ್ದನ್ನು ಅಗ್ಗಕ್ಕೆ ಮಾರುವ ಜನರಿಕ್ ಅಂಗಡಿ ತೆರೆದಾಗ ಡಾಕ್ಟರನ್ನು ಕೇಳಿ ಮಾತ್ರೆ ಬದಲಿಸಿದವಳು ಶೋಭಿತಾಳೇ.

“ಇಷ್ಟು ಅಗ್ಗದ್ದಕ್ಕೆ ಆ ಕಾಯ್ಲೆ ಎದ್ರುಕೊಂಡಾತೇನವ್ವಾ?” ಎಂದಿದ್ದಳು ಬೆಟ್ಟಮ್ಮ.

ಶೋಭಿತಾ ನಕ್ಕಿದ್ದಳು. ಹುಣ್ಣು ಆರಿತು. ಅತ್ತೆ ಮತ್ತೆ ಜಿನನಾಥಪುರದ ಹೊಲಗಳಿಗೆ ಕಳೆ ಕೀಳಲು ಹೊರಟಳು. ಅನುಮಾನವೂ ಆರಿತೆಂದುಕೊಂಡಿದ್ದಳು ಸೊಸೆ.

*

ಹಿತ್ತಿಲಲ್ಲಿ ಸೀರೆ ಮರೆಕಟ್ಟಿ ಹೆಣಕ್ಕೆ ನೀರು ಹಾಕುತ್ತಿದ್ದರು. ಬೆಟ್ಟಮ್ಮನ ಜೊತೆ ಜೀವಮಾನವೆಲ್ಲ ಕೂಲಿಗೆ ಹೋದ ಪಕ್ಕದ ಮನೆಯ ಮಾರಮ್ಮ ಸೀಗೆಪುಡಿ ಕಲಸುತ್ತ ಪಿಸುಗುಟ್ಟಿದಳು.

“ಅಳ್ಬ್ಯಾಡ ಮಗ. ನಿನ್ನ ಮಾತ್ರೇಲಿ ಸುಣ್ಣಾನೇ ಇರ್ಲಿ, ನಿಮ್ಮತ್ತೆ ಮದ್ದಿಲ್ದೆ ಸಾಯ್ನಿಲ್ಲ. ನಾನು ಬುಡ್ನಿಲ್ಲ.”

“ಅಂದ್ರೆ, ದೊಡ್ಡವ್ವ?”

“ಹಳೇ ಕಂಪ್ನಿ ಮಾತ್ರೆ ನಾನೇ ಆಸ್ನದ ಪ್ಯಾಟೆಯಿಂದ ತಂದ್ಕೊಡ್ತಿದ್ದೆ. ಈಗ ಅದ್ರ ರೇಟೂ ಇಳ್ಸವ್ರಲ್ಲಾ. ನಿನ್ನ ಮನ್ಸು ನೋಯ್ಬಾರ್ದು ಅಂತ ನಿಂದೂ ನುಂಗೋಳು, ಅದೂ ನುಂಗೋಳು.”

ಶೋಭಿತಾಳ ಕೈಯ ಚೊಂಬು ನಿಂತಿತು. ಹೆಸರು ಬೇರೆ, ಮದ್ದು ಒಂದೇ; ದಿನವೂ ಎರಡರಷ್ಟು ನುಂಗಿದ್ದಾಳೆ. ನಿನ್ನೆ ರಾತ್ರಿ ಅತ್ತೆ ಅರ್ಧ ಮುದ್ದೆ ಬಿಟ್ಟು ಎದ್ದಿದ್ದಳು. ಸಕ್ಕರೆ ಇಳಿದು ಹೋದರೆ ಹೀಗೆಯೇ ಕೈ ನಡುಗುತ್ತದೆ, ಹೀಗೆಯೇ ಬೆವರುತ್ತದೆ.

“ಇನ್ನೂ ಅರ್ಧ ಪಟ್ಟಿ ಉಳ್ದದೆ,” ಮಾರಮ್ಮ ಸೊಂಟದ ಚೀಲ ತಡಕಿದಳು. “ನಾನು ಮಾಡಿದ್ದು ಸರಿ ಅಲ್ವಾ ಮಗ? ಕೊನೆಗಾಲಕ್ಕೆ ಅಷ್ಟಾದ್ರೂ ಮಾಡ್ದೆ.”

ಮುದುಕಿಯ ಕಣ್ಣು ಉತ್ತರಕ್ಕೆ ಕಾಯುತ್ತಿತ್ತು.

ಶೋಭಿತಾ ಪಟ್ಟಿಯನ್ನು ಈಸಿಕೊಂಡು ಸೆರಗಿನ ತುದಿಗೆ ಬಿಗಿಯಾಗಿ ಕಟ್ಟಿದಳು.

“ಸರಿ ಕಣ್ ದೊಡ್ಡವ್ವ.”

ಅಂಗಳದಲ್ಲಿ ಹಾಲು ಬಿಡಲು ಕರೆದರು. ಒಂದೇ ಒಂದು ಮಾತು ಸಾಕಿತ್ತು, ಈ ಊರಿನಲ್ಲಿ ತಲೆಯೆತ್ತಿ ಓಡಾಡಲು. ಅಪವಾದ ತನ್ನ ಮೇಲಿಂದ ಇಳಿದರೆ ಹೋಗಿ ಕೂರುವುದು ಯಾರ ಮೇಲೆ ಎಂಬುದೂ ಕಾಣುತ್ತಿತ್ತು. ಗಂಡನಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿದಳು.

ನಂಜಯ್ಯ ದುರುಗುಟ್ಟಿದ. ಅವಳು ಪಕ್ಕಕ್ಕೆ ಸರಿದು, ಹಾಲಿನ ಬಟ್ಟಲನ್ನು ಮಾರಮ್ಮನ ಕೈಗಿತ್ತಳು. ಮುಚ್ಚಿದ ತುಟಿಯಿಂದ ಹಾಲು ಹೊರಳಿ ತವರಿನ ಹೊಸ ಸೀರೆಯ ಅಂಚಿಗಿಳಿಯಿತು.