ಸೆಂಟರ್ ಫಾರ್ವರ್ಡ್‌ಗೆ ಹೂ ಕೇಳಿದ್ದು

ನಮ್ಮ ಮನೆಯ ಜಗಲಿ ನಮ್ಮದಲ್ಲ. ಮನೆಯೂ ನಮ್ಮದಲ್ಲ, ಬೈರಣ್ಣನವರದು. ಬಾಡಿಗೆ ಕೊಡುವವರು ನಾವು, ಜಗಲಿಯ ಮೇಲೆ ಕಾಲು ಚಾಚಿ ಕೂರುವುದು ಇಡೀ ಕತ್ರಿಗುಪ್ಪೆ. ನನ್ನ ಗಂಡ ಗಂಗಾಧರಯ್ಯನವರು ಊರಿನ ಪ್ರೈಮರಿ ಸ್ಕೂಲಿನ ಮೇಷ್ಟ್ರು. ತುಮಕೂರಿನಲ್ಲಿ ಓದುವಾಗ ಕಾಲೇಜು ಟೀಮಿನಲ್ಲಿ ಫುಟ್‌ಬಾಲ್ ಆಡಿದ್ದರು ಅನ್ನುವ ಒಂದೇ ತಪ್ಪಿಗೆ ಊರಿನವರು ಅವರನ್ನು ಹಿಡಿದು ಮ್ಯಾನೇಜರ್ ಮಾಡಿದ್ದರು. ಗೆದ್ದರೆ ಹುಡುಗರು ಗೆದ್ದರು, ಸೋತರೆ ಮೇಷ್ಟ್ರು ಸೋಲಿಸಿದರು, ಇದು ಊರಿನ ನ್ಯಾಯ. ಇದೆಲ್ಲ ಆಗುವ ಹಿಂದಿನ ವರ್ಷ, ಐವತ್ತಾರರಲ್ಲಿ, ಸೆಮಿಫೈನಲ್ ಸೋತ ಸಂಜೆ ನಮ್ಮ ಅಡುಗೆಮನೆಯ ಹೆಂಚು ಒಡೆದು ಸಾರಿನ ಪಾತ್ರೆಗೆ ಬಿದ್ದಿತ್ತು. ಕಲ್ಲು ಹೊಡೆದವರು ಯಾರು ಅಂತ ಎಲ್ಲರಿಗೂ ಗೊತ್ತು, ಹೇಳುವವರು ಮಾತ್ರ ಯಾರೂ ಇಲ್ಲ.

ಅದಕ್ಕೇ ಆ ಶುಕ್ರವಾರ ಸಂಜೆ ಇವರು ಭಾನುವಾರ ಫ್ಯಾಕ್ಟರಿ ಟೀಮಿನ ಮೇಲಿನ ಫೈನಲ್‌ಗೆ ಆಡುವವರ ಹೆಸರು ಹೇಳುತ್ತಿದ್ದಾಗ ನಾನು ಬಾಗಿಲ ಹಿಂದೆ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದೆ. ಹೆಸರುಗಳು ಮುಗಿದವು.

“ಚಿಕ್ಕಬೈರನ ಹೆಸರೇ ಬರ್ಲಿಲ್ಲವಲ್ಲ ಮೇಷ್ಟ್ರೇ?” ಅಂದರು ಬೈರಣ್ಣ.

“ಅವನು ಆಡಲ್ಲ.”

“ಏನಂದ್ರಿ?”

ಚಿಕ್ಕಬೈರಪ್ಪ ನಮ್ಮ ಊರಿನ ಸೆಂಟರ್ ಫಾರ್ವರ್ಡು. ಆ ವರ್ಷ ಊರು ಹೊಡೆದ ಗೋಲುಗಳಲ್ಲಿ ಮುಕ್ಕಾಲು ಪಾಲು ಅವನದು, ಅದರಲ್ಲೂ ಹೆಚ್ಚಿನವು ತಲೆಯಿಂದ. ಚೆಂಡು ಆಕಾಶದಲ್ಲಿದ್ದರೆ ಅದು ಅವನ ಸ್ವತ್ತು. ಅವನನ್ನು ಬಿಟ್ಟು ಫೈನಲ್ ಅಂದರೆ ಮದುವೆಗೆ ಗಂಡನ್ನು ಬಿಟ್ಟು ಹೊರಟ ಹಾಗೆ.

“ಸಾರ್, ಸ್ವಲ್ಪ ಕೇಳಿ” ಅಂದ ಸೇತುರಾಮ. ಇವನು ಸರ್ಕಾರಿ ಆಫೀಸಿನ ಗುಮಾಸ್ತ, ತ್ಯಾಗರಾಜನಗರದಿಂದ ಸೈಕಲ್ ತುಳಿದುಕೊಂಡು ಬಂದು ನಮ್ಮ ಜಗಲಿಯಲ್ಲಿ ಫುಟ್‌ಬಾಲ್ ಪಾಠ ಮಾಡುತ್ತಿದ್ದ. “ಫಾರ್ವರ್ಡ್ ಲೈನಲ್ಲಿ ಐದು ಜನ ಇರ್ಬೇಕು. ನೀವು ಇಬ್ಬರನ್ನ ಬಿಟ್ಟು ಉಳಿದವರನ್ನೆಲ್ಲ ಹಿಂದಕ್ಕೆ ಎಳೆದಿದೀರ. ಎಲ್ರೂ ಗೋಲ್ ಮುಂದೆ ನಿಂತ್ಕೊಂಡ್ರೆ ಅದು ಫುಟ್‌ಬಾಲ್ ಅಲ್ಲ ಸಾರ್, ರೇಷನ್ ಅಂಗಡಿ ಕ್ಯೂ.”

“ಗೋಲ್ ಕೊಡದೆ ಇದ್ರೆ ಸೋಲಲ್ಲಪ್ಪ” ಅಂದರು ಇವರು.

“ಹೊಡೀದೆ ಇದ್ರೆ ಗೆಲ್ಲೋದೂ ಇಲ್ಲವಲ್ಲ!”

“ಮೇಷ್ಟ್ರು ಹೇಳೋದ್ರಲ್ಲೂ ನ್ಯಾಯ ಐತೆ” ಅಂತ ಮೂಲೆಯಿಂದ ಯಾರೋ ಅಂದರು. “ಫ್ಯಾಕ್ಟ್ರಿಯೋರು ಎಮ್ಮೆಗಳಂಗವ್ರೆ. ಡ್ರಾ ಮಾಡ್ಕಂಡ್ರೆ ಇನ್ನೊಂದು ಮ್ಯಾಚ್ ಸಿಗ್ತದೆ.”

“ಡ್ರಾ ಮಾಡ್ಕಳಾಕೆ ವರ್ಷವೆಲ್ಲ ಇವ್ರಿಗೆ ಕೋಳಿ ಕುಯ್ಸಿ ಹಾಕಿದೀನಾ ನಾನು?” ಬೈರಣ್ಣ ತೊಡೆ ತಟ್ಟಿದರು. “ಮೇಷ್ಟ್ರೇ, ಫ್ಯಾಕ್ಟ್ರಿ ಸಾಹೇಬ್ರು ಬರ್ತಿರೋದೇ ಚಿಕ್ಕಬೈರನ್ನ ನೋಡಾಕೆ. ಚೆನ್ನಾಗಿ ಆಡಿದ್ರೆ ಕೆಲ್ಸ ಕೊಡ್ತಾರೆ. ಅವರಪ್ಪನ ಹೊಲ ಜಯನಗರದ ಬಡಾವಣೆಗೆ ಹೋಯ್ತು, ಈಗ ಅದೇ ಹೊಲದ ಮ್ಯಾಲೆ ರಸ್ತೆ ಹಾಕಾಕೆ ಜಲ್ಲಿ ಹೊರ್ತಾವ್ನೆ. ಅವನ ಹೊಟ್ಟೆ ಮ್ಯಾಲೆ ಹೊಡೀತೀರಾ?”

ಇವರು ನಿಜ ಹೇಳುವ ಹಾಗಿರಲಿಲ್ಲ. ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ವಿಷಯ ಗೊತ್ತಿದ್ದವರು ಊರಿನಲ್ಲಿ ನಾಲ್ಕೇ ಜನ, ನಾವಿಬ್ಬರು, ಚಿಕ್ಕಬೈರಪ್ಪ, ಅವನ ಹೆಂಡತಿ. ಹಿಂದಿನ ಮ್ಯಾಚಿನಲ್ಲಿ ಚೆಂಡಿಗೆ ಹಾರಿದ ಚಿಕ್ಕಬೈರಪ್ಪನ ತಲೆಗೂ ಎದುರಿನವನ ತಲೆಗೂ ಡಿಕ್ಕಿಯಾಗಿತ್ತು. ಬಿದ್ದ, ಎದ್ದ, ಮಣ್ಣು ಕೊಡವಿ ನಕ್ಕ, ಇನ್ನೊಂದು ಗೋಲ್ ಹೊಡೆದ. ಊರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯಿತು. ಕುಣಿತ ಮುಗಿದ ಮೇಲೆ ಅವನು ನಮ್ಮ ಹಿತ್ತಲಿಗೆ ಬಂದು ವಾಂತಿ ಮಾಡಿಕೊಂಡು, ಇವರ ಮುಖ ನೋಡಿ, “ಮೇಷ್ಟ್ರೇ, ನಮ್ಮನೆಗೆ ಯಾವ ಕಡೆಯಿಂದ ಹೋಗ್ಬೇಕು?” ಅಂತ ಕೇಳಿದ. ಅವನು ಹುಟ್ಟಿ ಬೆಳೆದ ಮನೆ ನಮ್ಮ ಹಿತ್ತಲಿನಿಂದ ಕಾಣುತ್ತದೆ.

ಮಾರನೇ ದಿನ ಇವರೇ ಅವನನ್ನು ಬಸ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ತಲೆಯೊಳಗೆ ಪೆಟ್ಟಾಗಿದೆ, ಆರು ತಿಂಗಳು ಚೆಂಡು ಮುಟ್ಟಕೂಡದು, ತಲೆಗೆ ಇನ್ನೊಂದು ಏಟು ಬಿದ್ದರೆ ನಾನು ಜವಾಬ್ದಾರನಲ್ಲ ಅಂದರಂತೆ. ಆ ಸಂಜೆ ಅವನ ಹೆಂಡತಿ ಮುನಿಲಕ್ಷ್ಮಮ್ಮ ಬಂದು ನನ್ನ ಕಾಲು ಹಿಡಿದಳು. “ಅಮ್ಮಾವ್ರೆ, ಯಾರಿಗೂ ಯೋಳ್ಬ್ಯಾಡಿ. ತಲೆ ಕೆಟ್ಟೋನು ಅಂತ ಒಂದ್ಸಲ ಹೆಸರು ಬಂದ್ರೆ ಫ್ಯಾಕ್ಟ್ರಿಯೋರು ಯಾವತ್ತೂ ತಕ್ಕಳಲ್ಲ. ವಾಸಿಯಾಗ್ಲಿ, ಬರೋ ವರ್ಷ ಆಡ್ತಾನೆ.” ಇವರು ಹೂಂ ಅಂದುಬಿಟ್ಟರು. ಮೃದು ಮನುಷ್ಯ, ಯಾರು ಅತ್ತರೂ ಹೂಂ.

ಜಗಲಿಯ ಮೇಲೆ ಕೂಗು ಏರುತ್ತಿತ್ತು. ಫ್ಯಾಕ್ಟರಿಯವರು ಮೇಷ್ಟ್ರಿಗೆ ಏನು ಕೊಟ್ಟಿದಾರೆ ಅಂತ ಹಿಂದಿನಿಂದ ಯಾರೋ ಕೇಳಿಯೇಬಿಟ್ಟರು. ಆಗ ನನ್ನ ಗಂಡ, ಹದಿನೈದು ವರ್ಷದ ಸಂಸಾರದಲ್ಲಿ ನನ್ನ ಹತ್ತಿರ ಕೂಡ ಒಂದು ಸುಳ್ಳು ಹೇಳಲು ಬಾರದ ಮನುಷ್ಯ, ಬಾಯಿ ತೆರೆದು ಹೇಳಿದರು:

“ನಾನು ಮಾರಮ್ಮನ ಹತ್ರ ಹೂ ಕೇಳ್ದೆ. ಎಡಕ್ಕೆ ಕೊಟ್ಟಳು.”

ಬೈರಣ್ಣ ಕೂಡ ಕೈ ಮುಗಿದರು. ನಮ್ಮ ಊರಿನಲ್ಲಿ ಹೆಣ್ಣು ಗಂಡು ನೋಡಲಿ, ಬಾವಿ ತೋಡಲಿ, ಎತ್ತು ಕೊಳ್ಳಲಿ, ಊರಮ್ಮನ ಮೈಮೇಲೆ ಒದ್ದೆ ಹೂ ಅಂಟಿಸಿ ಕೇಳುತ್ತಾರೆ. ಬಲಗಡೆಯದು ಬಿದ್ದರೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ಒಬ್ಬೊಬ್ಬರೇ ಎದ್ದು ಹೋದರು.

ಒಳಗೆ ಬಂದ ಇವರ ಮುಖದಲ್ಲಿ ಗೆದ್ದ ಕಳೆ. ನನಗೆ ಮೈಯೆಲ್ಲ ಉರಿದುಹೋಯಿತು.

“ರೀ, ಬುದ್ಧಿ ಇದೆಯಾ ನಿಮಗೆ? ಬೀದೀಲಿ ಹೋಗೋ ಮಾರೀನ ಮನೆಗೆ ಕರೆದಿರಲ್ಲ!”

“ಬಾಯಿಗೆ ಬಂತು ಕಮಲಾ. ಊರಮ್ಮನ ಮಾತಿಗೆ ಎದುರಾಡಲ್ಲ ಅವರು.”

“ಎದುರಾಡಲ್ಲ. ಮತ್ತೆ ಕೇಳ್ತಾರೆ! ಎಡಕ್ಕೆ ಬಿದ್ರೆ ಕೋಳಿ ಹರಕೆ ಹೊತ್ತು ಇನ್ನೊಂದ್ಸಲ ಕೇಳ್ತಾರೆ, ಆಗ್ಲೂ ಎಡಕ್ಕೆ ಬಿದ್ರೆ ಕುರಿ ಹೊತ್ತು ಕೇಳ್ತಾರೆ. ಇಷ್ಟು ವರ್ಷ ಈ ಊರಲ್ಲಿದ್ದೂ ಇದು ಗೊತ್ತಾಗಲಿಲ್ವಾ? ಆ ಪೂಜಾರಪ್ಪ ‘ಮೇಷ್ಟ್ರು ಗುಡಿಗೆ ಬಂದೇ ಇಲ್ಲ’ ಅಂದ್ರೆ?”

ಮುಖದ ಕಳೆ ಇಳಿದುಹೋಯಿತು. ತಟ್ಟೆಯಲ್ಲಿ ಕಲಸಿದ ಅನ್ನ ಹಾಗೇ ಇತ್ತು. ಶನಿವಾರವೆಲ್ಲ ಇಬ್ಬರೂ ಒಂದು ಸದ್ದಾದರೂ ಬಾಗಿಲ ಕಡೆ ನೋಡಿದೆವು. ದೇವಿಯ ಹೆಸರಲ್ಲಿ ಸುಳ್ಳು ಹೇಳಿದವನನ್ನು ಊರು ಏನು ಮಾಡುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಮಾರಮ್ಮ ಏನು ಮಾಡುತ್ತಾಳೆ ಅಂತ ಯೋಚಿಸುವುದಕ್ಕೂ ಧೈರ್ಯ ಬರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಭಯ ಆ ಹುಡುಗನ ತಲೆಯದು. ಕಣ್ಣು ಮುಚ್ಚಿದರೆ ಚೆಂಡು ಮೇಲಿನಿಂದ ಬರುವುದು, ಅವನು ಹಾರುವುದು.

ಭಾನುವಾರ ಬೆಳಿಗ್ಗೆ ನೀರು ಕಾಯಿಸುತ್ತಿದ್ದೆ. ಗುಡಿಯ ಕಡೆಯಿಂದ ಜನರ ಗುಜುಗುಜು. ಹೂ ಬಲಕ್ಕೆ ಬಿದ್ದರೆ ತಮಟೆ ಬಾರಿಸುತ್ತಾರೆ, ಎಡಕ್ಕಾದರೆ ಇಲ್ಲ. ಒಲೆಯ ಮುಂದೆ ಕೂತು ‘ತಾಯೀ, ಬೇಡ ಅನ್ನು, ಬೇಡ ಅನ್ನು’ ಅಂತ ಕೈ ಮುಗಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಬದುಕಿದೆ ಅಂದುಕೊಂಡೆ. ಅಷ್ಟರಲ್ಲಿ ಢಣ್ ಅಂತ ತಮಟೆ ಶುರುವಾಯಿತು. ಶುರುವಾದದ್ದು ನಿಲ್ಲದೆ ನಮ್ಮ ಮನೆಯ ಕಡೆಗೇ ಬಂತು.

ಬಾಗಿಲಲ್ಲಿ ಊರಿಗೆ ಊರೇ. ಮುಂದೆ ಬೈರಣ್ಣ, ಕೈಯಲ್ಲಿ ಹೂವಿನ ತಟ್ಟೆ. ಪಕ್ಕದಲ್ಲಿ ಚಿಕ್ಕಬೈರಪ್ಪ, ಕೊರಳಲ್ಲಿ ಚೆಂಡು ಹೂವಿನ ಹಾರ, ಬರಿಗಾಲಲ್ಲಿ ಆಡುವ ಹುಡುಗರು ಕಟ್ಟುವ ಬಟ್ಟೆಯ ಪಟ್ಟಿ ಆಗಲೇ ಎರಡೂ ಕಾಲಿಗೆ ಸುತ್ತಿ ಆಗಿದೆ. ಅವನ ಹಿಂದೆ ಮುನಿಲಕ್ಷ್ಮಮ್ಮ.

“ಅಮ್ಮ ಬಲಕ್ಕೆ ಕೊಟ್ಟವಳೆ” ಅಂದರು ಬೈರಣ್ಣ. ದನಿ ಎತ್ತರದಲ್ಲಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. “ಪೂಜಾರಪ್ಪ ಇನ್ನೊಂದು ಮಾತು ಯೋಳ್ದ. ನೀವು ಗುಡಿಗೆ ಬಂದೇ ಇಲ್ವಂತೆ. ನಮ್ಮಮ್ಮನ ಹೆಸ್ರಲ್ಲಿ ಸುಳ್ಳು ಯೋಳಿದ್ದು ಯಾಕೆ ಮೇಷ್ಟ್ರೇ?”

ಇವರು ಕಂಬ ಹಿಡಿದು ನಿಂತರು. “ದುಡ್ಡು ತಿಂದವ್ನೆ!” ಅಂತ ಹಿಂದಿನಿಂದ ಕೂಗು. ಸೇತುರಾಮ ಕೈ ಎತ್ತಿ, “ತಡೀರಪ್ಪ, ಸಾರ್ ಹೇಳ್ಲಿ” ಅಂದ. ಅವನನ್ನೂ ತಳ್ಳಿದರು. ಒಬ್ಬ ಬಗ್ಗಿ ಕಲ್ಲು ಎತ್ತಿಕೊಂಡದ್ದು ನನಗೆ ಕಾಣಿಸಿತು.

ಮುನಿಲಕ್ಷ್ಮಮ್ಮ ಜನರನ್ನು ಸರಿಸಿಕೊಂಡು ನನ್ನ ಹತ್ತಿರ ಬಂದಳು. ಅವಳ ಕಣ್ಣಲ್ಲಿ ಇದ್ದ ಆಸೆ ನನಗೆ ಈಗಲೂ ಕಾಣುತ್ತದೆ. ಮೆಲ್ಲಗೆ ಕೇಳಿದಳು:

“ಅಮ್ಮನೇ ಆಡು ಅಂದವಳೆ. ಇನ್ನೇನೂ ಆಗಲ್ಲ ಅಲ್ವಾ ಅಮ್ಮಾವ್ರೆ?”

ಆಗಲ್ಲ ಅಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಕಲ್ಲು ಕೆಳಗೆ ಬೀಳುತ್ತಿತ್ತು, ನಮ್ಮ ಮನೆ ಉಳಿಯುತ್ತಿತ್ತು, ಅವಳ ಗಂಡನಿಗೆ ಕೆಲಸ.

“ಅಮ್ಮ ಹೂ ಕೊಟ್ಟಳು ಕಣೇ” ಅಂದೆ. “ತಲೆ ಒಡೆದ್ರೆ ಇನ್ನೊಂದು ತಲೆ ಕೊಡ್ತಾಳಾ?”

ಆಮೇಲೆ ನನ್ನ ಬಾಯಿಗೆ ಕಟ್ಟೆ ಇರಲಿಲ್ಲ. ಜಗಲಿಯ ಅಂಚಿಗೆ ಬಂದು ಎಲ್ಲವನ್ನೂ ಕೂಗಿ ಹೇಳಿದೆ, ವಾಂತಿ, ದಾರಿ ಮರೆತದ್ದು, ಡಾಕ್ಟರು ಅಂದದ್ದು. “ಈ ಮನುಷ್ಯ ಸುಳ್ಳು ಹೇಳಿದ್ದು ದುಡ್ಡಿಗಲ್ಲ. ನಿಮ್ಮ ಹುಡುಗನ ಜೀವಕ್ಕೆ, ಅವನ ಕೆಲಸ ಹೋಗಬಾರದು ಅಂತ. ಕಲ್ಲು ಹೊಡೀಬೇಕಾ? ಹೊಡೀರಿ, ಹೋದ ವರ್ಷದ ಅಭ್ಯಾಸ ಇದೆಯಲ್ಲ!”

“ಸುಳ್ಳು!” ಅಂದ ಒಬ್ಬ. “ದ್ಯಾವ್ರಿಗಿಂತ ಡಾಕ್ಟ್ರು ದೊಡ್ಡೋನಾ?” ಅಂದ ಇನ್ನೊಬ್ಬ. ಚಿಕ್ಕಬೈರಪ್ಪ ಹಲ್ಲು ಬಿಟ್ಟು ನಗುತ್ತ, “ನಂಗೇನೂ ಆಗಿಲ್ಲ ಬೈರಣ್ಣ, ಆಡ್ತೀನಿ” ಅಂದ. ಜನ ಹೋ ಅಂದರು. ತಮಟೆಯವನು ಮತ್ತೆ ಕಡ್ಡಿ ಎತ್ತಿದ.

ಮುನಿಲಕ್ಷ್ಮಮ್ಮ ಅಷ್ಟೂ ಜನರ ನಡುವೆ ಗಂಡನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತಳು. ಪಟ್ಟಿಯ ಗಂಟು ಹಲ್ಲಿನಿಂದ ಬಿಚ್ಚಿದಳು. ಸುತ್ತು ಸುತ್ತಾಗಿ ಬಿಡಿಸಿದಳು, ಮೊದಲು ಬಲಗಾಲಿನದು, ಆಮೇಲೆ ಎಡಗಾಲಿನದು. “ಬುಡೇ, ಬುಡೇ” ಅಂತ ಅವನು ಅವಳ ಭುಜ ತಳ್ಳಿದ. ಅವಳು ಬಿಡಲಿಲ್ಲ, ಅಳುತ್ತಲೇ ಬಿಡಿಸಿದಳು. ಬೈರಣ್ಣ ಹೂವಿನ ತಟ್ಟೆಯನ್ನು ನಮ್ಮ ಹೊಸ್ತಿಲ ಮೇಲಿಟ್ಟು, “ಮೊದ್ಲೇ ಯೋಳಬಾರ್ದಿತ್ತಾ ಮೇಷ್ಟ್ರೇ” ಅಂದು ತಿರುಗಿ ಹೋದರು.

ಫ್ಯಾಕ್ಟರಿಯ ಸಾಹೇಬರ ಕಿವಿಗೆ ಮಧ್ಯಾಹ್ನದೊಳಗೆ ಸುದ್ದಿ ಬಿತ್ತು. ಅವರು ಆಟ ನೋಡಲು ಉಳಿಯಲೂ ಇಲ್ಲವಂತೆ.

ಸಾಯಂಕಾಲ ಇವರು ಮೈದಾನಕ್ಕೆ ಹೊರಟಾಗ ನಾನು ಹೋಗಬೇಡಿ ಅಂದೆ. ಟೀಮು ಬಿಟ್ಟು ಹೇಗಿರಲಿ ಅಂದರು. ಶರ್ಟಿನ ಗುಂಡಿ ಹಾಕಿಕೊಂಡು ಹೊರಟೇಬಿಟ್ಟರು. ಚಿಕ್ಕಬೈರಪ್ಪನನ್ನು ತಾನೊಬ್ಬಳೇ ಮನೆಯಲ್ಲಿಟ್ಟುಕೊಂಡರೆ ಎಲ್ಲಿ ಎದ್ದು ಓಡುತ್ತಾನೋ ಅಂತ ಮುನಿಲಕ್ಷ್ಮಮ್ಮ ಅವನನ್ನು ನಮ್ಮಲ್ಲಿಗೇ ಕರೆತಂದಿದ್ದಳು. ಬಾಗಿಲಿಗೆ ಅಗುಳಿ ಹಾಕಿ ಮೂವರೂ ನಡುಮನೆಯಲ್ಲಿ ಕೂತೆವು. ಮೈದಾನ ನಮ್ಮ ಹಿತ್ತಲಿನ ಆಚೆಗೇ. ಸೀಟಿ ಕೇಳಿಸಿತು, ಕೂಗು ಕೇಳಿಸಿತು, ಒಮ್ಮೊಮ್ಮೆ ಚೆಂಡಿಗೆ ಕಾಲು ಬಿದ್ದ ಸದ್ದು ಕೂಡ. “ಮುಂದೆ ಹೋಗ್ರೋ! ಹಿಂದ್ಗಡೆ ಏನ್ ಕೋಳಿ ಕಾಯ್ತಿದೀರಾ!” ಅಂತ ಯಾರೋ ಬೈಯುವುದು ಸ್ಪಷ್ಟವಾಗಿ ಬಂತು. ನಾನು ಒಂದೊಂದು ಕೂಗಿಗೂ ಗಂಡನ ಹೆಸರು ಇದೆಯಾ ಅಂತ ಕಿವಿ ಕೊಡುತ್ತಿದ್ದೆ. ಚಿಕ್ಕಬೈರಪ್ಪ ನನಗಿಂತ ಹೆಚ್ಚು ಕಿವಿಗೊಟ್ಟು ಕೂತಿದ್ದ, ಕಾಲ್ಬೆರಳು ನೆಲದ ಮೇಲೆ ಆಡುತ್ತಿದ್ದವು. ನಾನು ಅವನಿಗೆ ಕಾಫಿ ಕೊಟ್ಟೆ. ಕುಡಿಯಲಿಲ್ಲ.

ನನ್ನ ಮೇಲೆ ಕೋಪ ಅಂದುಕೊಂಡೆ. ಕೆಲಸ ಕಳೆದವಳು ನಾನು, ಅವನು ಬೈದರೆ ಬೈಸಿಕೊಳ್ಳಬೇಕು ಅಂತ ಮನಸ್ಸು ಗಟ್ಟಿ ಮಾಡಿಕೊಂಡೆ.

ಆಗ ಮೈದಾನದಿಂದ ಹೋ ಅಂತ ದೊಡ್ಡ ಕೂಗು ಎದ್ದಿತು. ಗೋಲು. ನಮ್ಮವರದೋ ಫ್ಯಾಕ್ಟರಿಯವರದೋ ತಿಳಿಯಲಿಲ್ಲ. ಚಿಕ್ಕಬೈರಪ್ಪ ಚಂಗನೆ ಎದ್ದು ನಿಂತ. ಮುಖದ ತುಂಬ ನಗು, ಹಣೆಯ ಮೇಲೆ ಬೆವರು, ಓಡಿ ಬಂದವನ ಹಾಗೆ ಏದುಸಿರು. ಎರಡೂ ಕೈ ಮೇಲೆತ್ತಿ ನಮ್ಮಿಬ್ಬರ ಕಡೆ ತಿರುಗಿದ.

“ಅಮ್ಮಾವ್ರೆ, ಹೊಡ್ದಿದ್ದು ನಾನೇ ಅಲ್ವಾ?”

ಮುನಿಲಕ್ಷ್ಮಮ್ಮ ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ಅವನ ಕೈ ಹಿಡಿದು ಕೆಳಗಿಳಿಸಿ, ಸೆರಗಿನಿಂದ ಹಣೆ ಒರೆಸಿದಳು.

“ಹೂಂ, ನೀನೇ” ಅಂದಳು. “ಕೂತ್ಕ.”